ಪಾದ ನೆಲದ ಮೇಲಿರತಕ್ಕದ್ದು

ನಮ್ಮ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮೌಖಿಕ ಪರೀಕ್ಷೆಗೆ ಹೋಗುವವರು ಆ ದಿನ ಹೊಟ್ಟೆ ಬಿರಿಯುವಷ್ಟು ಉಂಡು ಹೋಗಬೇಕು. ಇದು ನಿಯಮಾವಳಿಯಲ್ಲಿಲ್ಲ, ಸೀನಿಯರ್‌ಗಳು ಹೇಳುವ ಮಾತು. ನಿಯಮಾವಳಿಯಲ್ಲಿ ಇರುವುದು ಬೇರೆ: ಪರೀಕ್ಷೆ ಮುಗಿಯುವವರೆಗೆ ಅಭ್ಯರ್ಥಿಯ ಪಾದ ನೆಲದ ಮೇಲಿರತಕ್ಕದ್ದು. ಪಾದ ನೆಲ ಬಿಟ್ಟರೆ ಪದವಿ ಇಲ್ಲ, ಇನ್ನೊಂದು ಅವಕಾಶವೂ ಇಲ್ಲ. ವಿದ್ವಾಂಸರಾದವರು ನೆಲ ಬಿಡಬಾರದು ಎಂದು ಈ ವಿಶ್ವವಿದ್ಯಾಲಯ ಕಟ್ಟಿದ ಹಿರಿಯರು ತೀರ್ಮಾನಿಸಿದ್ದರಂತೆ. ಅವರಿಗೆ ಬೇರೆ ಕೆಲಸವಿರಲಿಲ್ಲ ಅಂತ ಕಾಣುತ್ತದೆ.

ನಮ್ಮೂರಲ್ಲಿ ಯಾರನ್ನಾದರೂ ಮನಸ್ಸಿಟ್ಟು ನೋಡಿದರೆ ಅವರು ಮೇಲೇಳುತ್ತಾರೆ. ಸುಮ್ಮನೆ ಕಣ್ಣು ಹಾಯಿಸಿದರೆ ಏನೂ ಆಗುವುದಿಲ್ಲ. ಇವರು ಯಾರು, ಇವರ ಮನಸ್ಸಿನಲ್ಲಿ ಏನು ನಡೆದಿದೆ ಎಂದು ತಿಳಿಯುವ ಆಸೆಯಿಂದ ನೋಡಿದರೆ ಮಾತ್ರ ಮೊದಲು ಬೆರಳಷ್ಟು, ಆಮೇಲೆ ಗೇಣಷ್ಟು, ಆಮೇಲೆ ನೋಡುವವರ ಆಸಕ್ತಿ ಇದ್ದಷ್ಟು. ಹಾಗಾಗಿ ನಮ್ಮಲ್ಲಿ ಮರ್ಯಾದಸ್ಥರು ಒಬ್ಬರನ್ನೊಬ್ಬರು ನೋಡುವುದಿಲ್ಲ. ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ನೋಡಿ ಹೋಗುತ್ತಾರೆ. ಆದರೂ ಎಂಥದಕ್ಕೂ ಇರಲಿ ಎಂದು ಹುಡುಗಿಯ ಅವ್ವ ಮಗಳ ಸೆರಗಿನ ಮೇಲೆ ಮೊಣಕಾಲು ಊರಿ ಕೂತಿರುತ್ತಾಳೆ. ಕೂಸುಗಳನ್ನು ನೋಡದೆ ಇರಲು ಯಾರಿಗೂ ಆಗುವುದಿಲ್ಲವಾದ್ದರಿಂದ ಅವುಗಳ ಸೊಂಟಕ್ಕೆ ಹಳೆ ಸೀರೆಯ ಪಟ್ಟಿ ಸುತ್ತಿ ಇನ್ನೊಂದು ತುದಿಯನ್ನು ತೊಟ್ಟಿಲಿಗೆ ಬಿಗಿಯುತ್ತಾರೆ. ರಾಜಕಾರಣಿಗಳು ಭಾಷಣಕ್ಕೆ ನಿಂತಾಗ ಸೊಂಟಕ್ಕೆ ಮರಳಿನ ಚೀಲ ಕಟ್ಟಿಸಿಕೊಳ್ಳುತ್ತಾರೆ. ಅದರ ಅಗತ್ಯ ಇದುವರೆಗೆ ಬಿದ್ದಿಲ್ಲ.

ಈಗ ಇಂಥ ಊರಿನಲ್ಲಿ ಮಾನವಶಾಸ್ತ್ರ ಓದುವವರ ಪಾಡು ಏನಾಗಿರಬೇಕು ಎಂದು ನೀವೇ ಯೋಚಿಸಿ. ಮನುಷ್ಯರನ್ನು ನೋಡುವುದೇ ಈ ಶಾಸ್ತ್ರದ ಕಸುಬು. ನಮ್ಮ ವಿಭಾಗದ ಮುಖ್ಯಸ್ಥರೂ ನನ್ನ ಗೈಡೂ ಆಗಿದ್ದ ಪ್ರೊಫೆಸರ್ ವೀರಭದ್ರಪ್ಪ ಸಜ್ಜನ ಅವರು ಅದಕ್ಕೊಂದು ದಾರಿ ಹುಡುಕಿದ್ದರು. ಅದರ ಹೆಸರು ಬೆನ್ನುನೋಟ ಪದ್ಧತಿ. ಅಂದರೆ ಸಂಶೋಧಕನಾದವನು ಜನರಿಗೆ ಬೆನ್ನು ಮಾಡಿ, ಗೋಡೆಗೆ ಮುಖ ಕೊಟ್ಟು, ಕಿವಿ ಮೂಗು ಮಾತ್ರ ತೆರೆದಿಟ್ಟು ನಿಲ್ಲಬೇಕು.

"ನೋಡು ತಂಗಿ, ನೀ ನೋಡಿದಿ ಅಂದ್ರ ಆ ಮನುಷ್ಯಾ ಮ್ಯಾಲ ಹೊಕ್ಕಾನ. ಮ್ಯಾಲ ಹೋದ ಮನುಷ್ಯಾ ಕೆಳಗ ಇದ್ದಂಗ ಇರೂದಿಲ್ಲ. ಆಮ್ಯಾಲ ನೀ ಬರಿಯೂದು ಯಾರ ಬಗ್ಗೆ?" ಎಂದು ಅವರು ಮೊದಲ ದಿನವೇ ನನಗೆ ಹೇಳಿದರು. ನನಗೆ ಅಂದೆನಲ್ಲ, ಹೇಳಿದ್ದು ಕಿಟಕಿಯಾಚೆಯ ಬೇವಿನ ಮರಕ್ಕೆ. ಅವರು ವಿದ್ಯಾರ್ಥಿಗಳನ್ನೂ ನೋಡುತ್ತಿರಲಿಲ್ಲ.

ಅವರಿಗೆ ದೊಡ್ಡ ಹೆಸರು ತಂದುಕೊಟ್ಟ ಪುಸ್ತಕ ಒಂದು ಮದುವೆಯ ಅಧ್ಯಯನ. ಇಡೀ ಮದುವೆಯನ್ನು ಅವರು ಹಂದರಕ್ಕೆ ಬೆನ್ನು ಮಾಡಿ ನಿಂತು ಅಭ್ಯಸಿಸಿದ್ದರು. ಮದುಮಗಳು ಯಾರೆಂಬುದು ಕೊನೆಯ ಪುಟದವರೆಗೂ ಗೊತ್ತಾಗುವುದಿಲ್ಲ. ಒಗ್ಗರಣೆಯ ಬಗ್ಗೆ ಮಾತ್ರ ಎರಡು ಅಧ್ಯಾಯಗಳಿವೆ, ಅವು ಚೆನ್ನಾಗಿವೆ.

ನನಗೆ ಅವರು ಕೊಟ್ಟ ವಿಷಯ "ಹಿಟ್ಟಿನ ಗಿರಣಿಯಲ್ಲಿ ಡಬ್ಬಿಗಳ ಪಾಳಿ." ಹೆಂಗಸರು ಜೋಳ ತಂದು ಡಬ್ಬಿಗಳನ್ನು ಸಾಲಾಗಿ ಇಟ್ಟು ಪಾಳಿ ಹಚ್ಚುತ್ತಾರಲ್ಲ, ಯಾರ ಡಬ್ಬಿ ಯಾರ ಡಬ್ಬಿಯ ಹಿಂದೆ, ಯಾವ ಡಬ್ಬಿ ನಡುವೆ ನುಗ್ಗುತ್ತದೆ, ಇತ್ಯಾದಿ. ಇದರ ಅನುಕೂಲವೇನೆಂದರೆ ಡಬ್ಬಿಗಳನ್ನು ಎಷ್ಟು ನೋಡಿದರೂ ಅವು ಮೇಲೇಳುವುದಿಲ್ಲ. ವಿಷಯ ಕೇಳಿದ ದಿನ ನನಗೆ ಅಳು ಬಂತು. ಆದರೆ ಸ್ಕಾಲರ್‌ಶಿಪ್ ಮಂಜೂರಾಗಿತ್ತು, ಡಬ್ಬಿಯಾದರೆ ಡಬ್ಬಿ ಎಂದು ಹೊರಟೆ.

ಗಿರಣಿಯಲ್ಲಿ ಮೊದಲ ವಾರ ಗೋಡೆಗೆ ಮುಖ ಮಾಡಿ, ನಡುನಡುವೆ ಡಬ್ಬಿಗಳ ಕಡೆ ಮಾತ್ರ ಕಣ್ಣು ಹಾಯಿಸುತ್ತ ನಿಂತೆ. ಒಂದು ಸಂಜೆ ಬೆನ್ನ ಹಿಂದಿನಿಂದ ಒಂದು ಗಡಸು ದನಿ ಕೇಳಿತು.

"ಯಾಕವಾ, ಸಾಲ್ಯಾಗ ಮಾಸ್ತರು ಶಿಕ್ಷಾ ಕೊಟ್ಟಾರೇನು? ಗ್ವಾಡಿಗೆ ಮುಖಾ ಮಾಡಿ ನಿಂತೀಯಲ್ಲ."

"ಇಲ್ರಿ, ಸಂಶೋಧನಾ ಮಾಡಾಕತ್ತೀನಿ."

"ಗ್ವಾಡಿ ಮ್ಯಾಲ?"

ಅದು ತಂಗೆವ್ವ. ಬಸ್ ಸ್ಟ್ಯಾಂಡಿನ ಹತ್ತಿರ ಇಸ್ತ್ರಿ ಗಾಡಿ ಇಟ್ಟವಳು. ಅವಳ ಜೊತೆ ಯಾವಾಗಲೂ ಬೀಬಿಜಾನ್ ಎಂಬ ದವಾಖಾನೆಯ ಆಯಾ ಇರುತ್ತಿದ್ದಳು. ಇಬ್ಬರೂ ಸೇರಿ ನನ್ನ ಸಂಶೋಧನೆಗೆ ನಕ್ಕಷ್ಟು ಯಾವ ಪರೀಕ್ಷಕರೂ ನಕ್ಕಿರಲಿಕ್ಕಿಲ್ಲ. ನಾನು ಸಿಟ್ಟಿನಿಂದ ಗೋಡೆಯನ್ನೇ ನೋಡುತ್ತ ನಿಂತೆ. ಗೋಡೆಯ ಮೇಲೆ ಹಲ್ಲುಪುಡಿಯ ಹಳೆ ಜಾಹೀರಾತು ಇತ್ತು, ಅದರಲ್ಲಿದ್ದ ಹೆಂಗಸೂ ನಗುತ್ತಿದ್ದಳು.

ಮತ್ತೊಂದು ಸಂಜೆ ಕರೆಂಟ್ ಹೋಗಿ ಗಿರಣಿ ನಿಂತಿತು. ಗಿರಣಿಯ ಸದ್ದು ನಿಂತ ಮೇಲೆ ಹಿಂದೆ ಪಿಸುಮಾತು, ಕಿಸಕ್ಕನೆ ನಗು, "ಇವತ್ತು ನಂದು ಮೊದಲು" ಎಂಬ ಜಗಳ. ಎಷ್ಟೆಂದು ತಡೆದುಕೊಳ್ಳಲಿ? ತಿರುಗಿದೆ. ನನ್ನ ಮೂಗಿನ ಎದುರಿಗೇ ತಂಗೆವ್ವನ ಒಡೆದ ಹಿಮ್ಮಡಿಗಳು ತೂಗಾಡುತ್ತಿದ್ದವು. ಅವಳು ಗಾಳಿಯಲ್ಲಿ ಕಾಲು ಇಳಿಬಿಟ್ಟು ಕೂತು ಶೇಂಗಾ ತಿನ್ನುತ್ತಿದ್ದಳು. ಕೆಳಗೆ ಪಾಳಿಯ ಹೆಂಗಸರೆಲ್ಲ ಮುಖ ಮೇಲೆತ್ತಿ ಅವಳನ್ನೇ ನೋಡುತ್ತಿದ್ದರು. ಬೀಬಿಜಾನ್ ಅವಳ ಸೀರೆಯ ಸೆರಗು ಹಿಡಿದು ನಿಂತಿದ್ದಳು, ಕೈಬಿಟ್ಟರೆ ತಗಡಿನ ಛಾವಣಿಗೆ ತಲೆ ಬಡಿಯುತ್ತದೆ ಎಂದು.

ನನ್ನ ಬಾಯಿ ತೆರೆದದ್ದು ನೋಡಿ ತಂಗೆವ್ವ ಮೇಲಿನಿಂದಲೇ ಹೇಳಿದಳು: "ಬೆಳಗಿಂದ ಸಂಜಿತನಾ ಇಸ್ತ್ರಿ ಹಿಡದು ನಿಂತಿರ್ತೀನಿ. ಕಾಲು ಹಿಂಡತಾವ. ಒಂದೀಟು ನೆಲಾ ಬಿಟ್ರ ಆರಾಮ ಆಕ್ಕೈತಿ. ಇದರಾಗ ಏನ್ ಅದ, ಹಂಗ ಕಣ್ ಬಿಡ್ತಿ?"

ಇಡೀ ಊರು ಮುಚ್ಚಿಟ್ಟುಕೊಂಡು ನಾಚುವ ಕೆಲಸವನ್ನು ಈ ಹೆಂಗಸರು ಕಾಲುನೋವಿನ ಔಷಧಿ ಮಾಡಿಕೊಂಡಿದ್ದರು. ಅದಕ್ಕೂ ಪಾಳಿ ಇತ್ತು, ಡಬ್ಬಿಗಳ ಪಾಳಿಗಿಂತ ಕಟ್ಟುನಿಟ್ಟಾದ ಪಾಳಿ. ಮತ್ತೆ ಅದಕ್ಕೊಂದು ಪದ್ಧತಿಯೂ ಇತ್ತು. "ಸುಮ್ಮ ನೋಡಿದ್ರ ಯಾರೂ ಏಳೂದಿಲ್ಲವಾ," ಎಂದು ಬೀಬಿಜಾನ್ ನನಗೆ ವಿವರಿಸಿದಳು. "ಏಳಬೇಕಾದಕಿ ತನ್ನದೇನರ ಹೇಳಬೇಕು. ಕೇಳಕೋಂತ ನೋಡಿದ್ರ ಹಗೂರಕ ಏಳತಾಳ. ಸುಳ್ ಹೇಳಿದ್ರ ದಪ್ ಅಂತ ಬೀಳತಾಳ, ಯಾಕಂದ್ರ ನಮಗ ಬ್ಯಾಸರ ಬರ್ತದ."

ನಾನು ಅವತ್ತೇ ವಿಷಯ ಬದಲಿಸಿದೆ. ಶೀರ್ಷಿಕೆ ಮಾತ್ರ ಡಬ್ಬಿಗಳದ್ದೇ ಉಳಿಯಿತು, ಏಕೆಂದರೆ ಅದನ್ನು ಬದಲಿಸಲು ಅರ್ಜಿ ಹಾಕಬೇಕು, ಅರ್ಜಿಗೆ ಗೈಡಿನ ಒಪ್ಪಿಗೆ ಬೇಕು. ಒಳಗಿದ್ದದ್ದೆಲ್ಲ ಗಿರಣಿಯಲ್ಲಿ ಮೇಲೇಳುವ ಹೆಂಗಸರ ಕಥೆ. ಪ್ರತಿ ಅಧ್ಯಾಯವನ್ನೂ ಸಜ್ಜನ ಸರ್ ಹತ್ತಿರ ಒಯ್ದೆ. ಅವರು ಬೇವಿನ ಮರ ನೋಡುತ್ತ "ಡಬ್ಬಿ ಹ್ಯಾಂಗ ನಡದಾವ?" ಎನ್ನುತ್ತಿದ್ದರು. ನಾನು "ಚಲೋ ನಡದಾವ ಸರ" ಎನ್ನುತ್ತಿದ್ದೆ. ಅವರು ಸಹಿ ಹಾಕುತ್ತಿದ್ದರು. ಹೀಗೆ ಐದು ವರ್ಷ ಕಳೆಯಿತು. ಮೊದಮೊದಲು ಸಿಕ್ಕಿಬೀಳುತ್ತೇನೆಂದು ಹೆದರುತ್ತಿದ್ದೆ. ಆಮೇಲೆ ಇವರು ಒಂದು ಪುಟವನ್ನಾದರೂ ಓದಿ ನನ್ನನ್ನು ಬೈಯಬಾರದೆ ಎಂದು ಹೊಟ್ಟೆ ಉರಿಯತೊಡಗಿತು.

ಪ್ರಬಂಧವನ್ನು ಗೇಟಿನ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಬೈಂಡ್ ಮಾಡಿಸಿದೆ. ಅಂಗಡಿಯ ಚಂದ್ರಗೌಡ ನಮ್ಮ ಸೀನಿಯರ್. ಬಹಳ ಬುದ್ಧಿವಂತ. ಮೌಖಿಕ ಪರೀಕ್ಷೆಯ ದಿನ ಹಿಂದಿನ ಸಾಲಿನಲ್ಲಿ ಅವನನ್ನು ಪ್ರೀತಿಸುತ್ತಿದ್ದ ಹುಡುಗಿ ಬಂದು ಕೂತಿದ್ದಳು. ಮೊದಲ ಪ್ರಶ್ನೆ ಮುಗಿಯುವುದರೊಳಗೆ ಅವನು ಛಾವಣಿ ಮುಟ್ಟಿದ್ದ. ಪದವಿ ಹೋಯಿತು, ಪದವಿ ಇಲ್ಲದವನಿಗೆ ಮಗಳನ್ನು ಕೊಡುವುದಿಲ್ಲವೆಂದು ಅವಳ ಅಪ್ಪ ಬೇರೆ ಕಡೆ ಮದುವೆ ಮಾಡಿದ. ಚಂದ್ರಗೌಡ ನನ್ನ ಪ್ರಬಂಧವನ್ನು ಕೈಯಲ್ಲಿ ತೂಗಿ ನೋಡಿ, "ಇಷ್ಟ ಹಗೂರ ಆದ್ರ ನಡಿಯೂದಿಲ್ಲ. ದಪ್ಪನ ಹಾಳಿ ಹಾಕ್ತೀನಿ. ಗ್ರಂಥಋಣ ಎರಡ ಸಲ ಹಾಕು, ಯಾರೂ ಓದೂದಿಲ್ಲ" ಎಂದ. ಪರೀಕ್ಷೆಯಲ್ಲಿ ಪ್ರಬಂಧವನ್ನು ಎದೆಗವಚಿಕೊಂಡು ನಿಲ್ಲಲು ಅನುಮತಿ ಇದೆ. ನಮ್ಮಲ್ಲಿ ಪ್ರಬಂಧಗಳು ದಪ್ಪಗಿರುವುದಕ್ಕೆ ಕಾರಣ ಇಷ್ಟೇ.

ನನಗೆ ಪದವಿ ಬೇಕೇ ಬೇಕಿತ್ತು. ಮಹಿಳಾ ಕಾಲೇಜಿನಲ್ಲಿ ಮಾನವಶಾಸ್ತ್ರದ ಒಂದೇ ಒಂದು ಹುದ್ದೆ ಖಾಲಿ ಇತ್ತು. ಇಂಟರ್‌ವ್ಯೂ ಮುಗಿದು ನನ್ನ ಹೆಸರು ಆಯ್ಕೆಯಾಗಿತ್ತು. ಆದರೆ ಮೌಖಿಕ ಪರೀಕ್ಷೆ ಇದ್ದ ಆ ವಾರದೊಳಗೆ ಪಿಎಚ್‌ಡಿ ಪ್ರಮಾಣಪತ್ರ ತೋರಿಸದಿದ್ದರೆ ಕೆಲಸ ಪ್ರಿನ್ಸಿಪಾಲರ ಸೊಸೆಗೆ. ಆಕೆ ಓದಿದ್ದು ಗೃಹವಿಜ್ಞಾನ, ಆದರೂ ಪ್ರಿನ್ಸಿಪಾಲರ ದೃಷ್ಟಿಯಲ್ಲಿ ಮನೆಯೂ ಮನುಷ್ಯರೂ ಒಂದೇ.

ಈ ಎಲ್ಲವನ್ನೂ ಗಿರಣಿಯಲ್ಲಿ ಹೇಳಿಕೊಂಡೆ. ತಂಗೆವ್ವ ಕೂಡಲೇ, "ಹಂಗಾರ ನಾವೂ ಬರ್ತೀವಿ" ಎಂದಳು.

"ಬರ್ರಿ. ಆದ್ರ ಕೈ ಮುಗೀತೀನಿ, ನನ್ನ ನೋಡಬ್ಯಾಡ್ರಿ."

"ನೋಡಬಾರ್ದಂದ್ರ ಯಾಕ ಬರೂದು? ಚಾ ಕುಡ್ಯಾಕ?"

"ಚಾ ಕೊಡ್ತಾರ್ರಿ. ಬಿಸ್ಕಿಟೂ ಇರ್ತದ."

"ಆತು, ಹಂಗಾರ ಬರ್ತೀವಿ," ಎಂದಳು ಬೀಬಿಜಾನ್.

ಪರೀಕ್ಷೆಯ ದಿನ ಎರಡು ಸಲ ಉಂಡು ಹೋದೆ. ಅಭ್ಯರ್ಥಿಗಳ ತಲೆಗೆ ಪೆಟ್ಟಾಗದಿರಲಿ ಎಂದು ಆ ಸಭಾಂಗಣದಲ್ಲಿ ಫ್ಯಾನ್ ಹಾಕಿಲ್ಲ, ಹಾಗಾಗಿ ಬೆವರು ಧಾರಾಕಾರ. ನಿಂತ ಕೂಡಲೇ ಅಟೆಂಡರ್ ರುದ್ರಪ್ಪಣ್ಣ ಬಂದು ನನ್ನ ಪಾದಗಳ ಕೆಳಗೆ ಒಂದು ಬಿಳಿ ಹಾಳೆ ಸರಿಸಿದರು. ಪಾದಗಳನ್ನು ದಿಟ್ಟಿಸಿ ನೋಡುವಂತಿಲ್ಲ, ನೋಡಿದರೆ ಅವೇ ಮೊದಲು ಏಳುತ್ತವೆ. ಅದಕ್ಕೆ ಅವರು ನಡುನಡುವೆ ಬಂದು ಮುಖ ಆ ಕಡೆ ತಿರುಗಿಸಿ ಹಾಳೆಯ ತುದಿ ಎಳೆಯುತ್ತಾರೆ. ಹಾಳೆ ಅಲುಗದಿದ್ದರೆ ಪರೀಕ್ಷೆ ಮುಂದುವರಿಯುತ್ತದೆ. ಕೈಗೆ ಬಂದರೆ ಮುಗಿಯಿತು.

ಮೊದಲರ್ಧ ಗಂಟೆ ಯಾವ ಅಪಾಯವೂ ಇರಲಿಲ್ಲ. ಹೊರಗಿನಿಂದ ಬಂದ ಪರೀಕ್ಷಕ ಡಾಕ್ಟರ್ ಪಟವರ್ಧನ್ ಮೇಜಿನ ಕೆಳಗೆ ಮೊಬೈಲಿನಲ್ಲಿ ವಾಪಸು ಹೋಗುವ ರೈಲು ಹುಡುಕುತ್ತಿದ್ದರು. ಕುಲಸಚಿವ ಹೊಳೆಬಸಪ್ಪನವರು ಕಣ್ಣು ಮುಚ್ಚಿ ಧ್ಯಾನದಲ್ಲಿದ್ದರು, ಧ್ಯಾನಕ್ಕೆ ಗೊರಕೆಯೂ ಸೇರಿತ್ತು. ಗೈಡಿಗೆ ಪರೀಕ್ಷೆಯಲ್ಲಿ ಮಾತಿಲ್ಲ, ಮೂಲೆಯಲ್ಲಿ ಒಂದು ಕುರ್ಚಿ ಅಷ್ಟೇ. ಸಜ್ಜನ ಸರ್ ಅದರಲ್ಲಿ ಕೂತು ಕಿಟಕಿ ನೋಡುತ್ತಿದ್ದರು. ನಾನು ಐದು ವರ್ಷ ಬೆವರು ಸುರಿಸಿ ಬರೆದದ್ದನ್ನು ಅವರೆಲ್ಲರೆದುರು ಒದರುತ್ತಿದ್ದೆ, ನನ್ನ ಪಾದ ನೆಲಕ್ಕೆ ಅಂಟಿಕೊಂಡಿತ್ತು. ಸಂತೋಷಪಡಬೇಕಾಗಿತ್ತು. ನನಗೆ ಕೆಟ್ಟ ಸಿಟ್ಟು ಬಂದಿತ್ತು.

ಅಷ್ಟರಲ್ಲಿ ಗಿರಣಿಯ ಪಾಳಿ ಪೂರ್ತಿ ಬಂದು ಹಿಂದಿನ ಬೆಂಚುಗಳಲ್ಲಿ ಕೂತಿತು. ಎಲ್ಲರೂ ಹಬ್ಬದ ಸೀರೆ ಉಟ್ಟಿದ್ದರು. ನೋಡುವುದಿಲ್ಲ ಎಂದು ಮಾತು ಕೊಟ್ಟಿದ್ದರು, ನಿಜ. ಆದರೆ ತಮ್ಮ ಗಿರಣಿಯ ಗೋಡೆ ಹುಡುಗಿ ಸಾಹೇಬರ ಎದುರು ನಿಂತು ಇಂಗ್ಲಿಷ್ ಶಬ್ದಗಳನ್ನು ಪಟಪಟ ಉದುರಿಸುವುದನ್ನು ಕಂಡು ಪಾಪ ಎಷ್ಟೆಂದು ತಡೆದುಕೊಂಡಾರು? ನನ್ನ ಹಿಮ್ಮಡಿ ಹಗುರಾಯಿತು. ಬೆರಳ ತುದಿಯಲ್ಲಿ ನೆಲ ಹಿಡಿದುಕೊಂಡು, ಪ್ರಬಂಧದ ಮರೆಯಿಂದ ತಂಗೆವ್ವನಿಗೆ ಕೈಸನ್ನೆ ಮಾಡಿದೆ. ಅವಳಿಗೆ ತಕ್ಷಣ ತಿಳಿಯಿತು.

"ಏ, ತಿರುಗ್ರೇ ಎಲ್ಲಾರೂ!" ಎಂದಳು.

ಬೆಂಚುಗಳು ಕಿರ್ರೆಂದವು. ಹೆಂಗಸರೆಲ್ಲ ಎದ್ದು, ಬೆಂಚು ದಾಟಿ, ನನಗೆ ಬೆನ್ನು ಕೊಟ್ಟು ಕೂತರು. ನಾನು ಹಿಮ್ಮಡಿ ಊರಿದೆ. ರುದ್ರಪ್ಪಣ್ಣ ಬಂದು ಹಾಳೆ ಎಳೆದರು, ಹಾಳೆ ಅಲುಗಲಿಲ್ಲ. ಬದುಕಿದೆ ಅಂದುಕೊಂಡೆ.

ಗದ್ದಲಕ್ಕೆ ಪಟವರ್ಧನ್ ಅವರು ಮೊಬೈಲಿನಿಂದ ತಲೆಯೆತ್ತಿ, ಏನಾದರೂ ಕೇಳಬೇಕಲ್ಲ ಎಂದು ಪುಟ ತಿರುವಿ ಕೇಳಿದರು: "ಡಬ್ಬಿಗಳ ಪ್ರಬಂಧದಲ್ಲಿ ಈ ಮೇಲೇಳುವ ಹೆಂಗಸರು ಎಲ್ಲಿಂದ ಬಂದರು? ಅದು ಆರಾಮ ಕೊಡುತ್ತದೆ ಎನ್ನುವುದಕ್ಕೆ ಆಧಾರ ಏನು?"

ಮೂಲೆಯ ಕುರ್ಚಿ ಕಿರುಗುಟ್ಟಿತು. ನಾನು ಆ ಕಡೆ ಗಮನ ಕೊಡಲಿಲ್ಲ. ಪುಸ್ತಕದ ಉತ್ತರ ಬಾಯಿಪಾಠವಾಗಿತ್ತು, ಆದರೆ ಬಾಯಿಂದ ಬಂದದ್ದು ಬೇರೆ.

"ಆಧಾರ ನಾನೇ ಸರ. ಅವರು ಒಮ್ಮಿ ನನ್ನನ್ನೂ ಎತ್ತಿದ್ರು. ಪಾಳಿಯವರೆಲ್ಲ ಸುತ್ತ ನಿಂತು ನೋಡಿದ್ರು, ಮೊದಲ ನಾ ಏಳಲೇ ಇಲ್ಲ. 'ಏನ್ ಈಕಿ ಇಷ್ಟ ಭಾರ ಅದಾಳ? ಈಕಿನ್ನ ಯಾರೂ ನೋಡೇ ಇಲ್ಲೇನು?' ಅಂದ್ರು. ಖರೇ ಇತ್ತು ಸರ. ನಮ್ಮ ವಿಭಾಗದಾಗ ನನ್ನ ಯಾರೂ ನೋಡಿರಲಿಲ್ಲ. ಏನರ ಹೇಳು, ನಿಂದ ಹೇಳು ಅಂದ್ರು. ಹೇಳಿದೆ. ಆಮ್ಯಾಲ..."

ಅಲ್ಲಿಗೆ ನಿಲ್ಲಿಸಿದೆ, ಏಕೆಂದರೆ ಪಟವರ್ಧನ್ ಅವರ ಬೋಳುತಲೆಯ ನಡುಭಾಗ ನನಗೆ ಕಾಣಿಸತೊಡಗಿತ್ತು. ಅಂದರೆ ನಾನು ಅದಕ್ಕಿಂತ ಮೇಲಿದ್ದೆ. ಗಾಬರಿಯಾಗಿ ತಂಗೆವ್ವನ ಕಡೆ ನೋಡಿದೆ. ಪಾಳಿಯ ಬೆನ್ನುಗಳು ಬೆನ್ನುಗಳಾಗಿಯೇ ಇದ್ದವು. ಪಟವರ್ಧನ್ ಅವರ ಕಣ್ಣು ಮತ್ತೆ ಮೊಬೈಲಿಗೆ ಹೋಗಿತ್ತು. ಹೊಳೆಬಸಪ್ಪನವರ ಕಣ್ಣು ಮುಚ್ಚಿತ್ತು. ಮತ್ತೆ ಯಾರು?

ಮೂಲೆಯಲ್ಲಿ ಸಜ್ಜನ ಸರ್ ಕುರ್ಚಿ ಬಿಟ್ಟು ಎದ್ದು ನಿಂತಿದ್ದರು. ಕಿಟಕಿಗೆ ಬೆನ್ನು ಮಾಡಿದ್ದರು. ಅವರ ಕಣ್ಣಿನ ಬಣ್ಣ ಕಂದು ಎಂದು ನನಗೆ ಅವತ್ತು ಗೊತ್ತಾಯಿತು. ಅವರು ನನ್ನನ್ನು ನೋಡುತ್ತಿದ್ದರು.

ರುದ್ರಪ್ಪಣ್ಣ ಎಳೆದರು. ಹಾಳೆ ಯಾವ ತಂಟೆಯೂ ಇಲ್ಲದೆ ಕೈಗೆ ಬಂತು. "ನೆಲಾ ಬಿಟ್ಟಾರ್ರೀ," ಎಂದು ಅವರು ಬೇಸರದಿಂದ ಕೂಗಿದರು. ಕೆಲಸ, ಕಾಲೇಜು, ಐದು ವರ್ಷ ಎಲ್ಲ ಕಣ್ಣೆದುರಿಗೆ ಹೋಯಿತು. ಐದು ವರ್ಷದಿಂದ ಒಮ್ಮೆಯಾದರೂ ನೋಡಲಿ ಎಂದು ಹಂಬಲಿಸಿದ ಮನುಷ್ಯ, ನೋಡಬಾರದ ಒಂದೇ ದಿನ ನೋಡಿದ್ದರು. ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡಿದೆ.

ಹೊಳೆಬಸಪ್ಪನವರು ಎಚ್ಚರಗೊಂಡು ಗಂಟಲು ಸರಿಮಾಡಿಕೊಂಡರು. ನಿಯಮಾವಳಿ ಅವರಿಗೆ ಬಾಯಿಪಾಠ. "ಪರೀಕ್ಷಕರ ಅಥವಾ ಸಾರ್ವಜನಿಕರ ನೋಟದಿಂದ ಅಭ್ಯರ್ಥಿಯ ಪಾದ ನೆಲ ಬಿಟ್ಟಲ್ಲಿ ಅಂಥವರನ್ನು ಅನುತ್ತೀರ್ಣರೆಂದು ಪರಿಗಣಿಸತಕ್ಕದ್ದು. ಯಾರು ನೋಡಿದವ್ರು?"

"ನಾನು," ಎಂದರು ಸಜ್ಜನ ಸರ್. ಕಣ್ಣು ಮಾತ್ರ ನನ್ನ ಮೇಲಿಂದ ಕದಲಲಿಲ್ಲ. "ನನ್ನ ತಪ್ಪದು. ಈಕಿದಲ್ಲ."

ಹೊಳೆಬಸಪ್ಪನವರು ಆ ನಿಯಮವನ್ನು ಇನ್ನೊಮ್ಮೆ ಮೆಲ್ಲಗೆ ಗುನುಗಿದರು. ಮತ್ತೊಮ್ಮೆ ಗುನುಗಿದರು. ಅವರ ಮುಖದಲ್ಲಿ ಗೊಂದಲ ತುಂಬಿತು. "ನೀವು ಪರೀಕ್ಷಕರಲ್ಲ. ಸಾರ್ವಜನಿಕರೂ ಅಲ್ಲ. ಇದರಾಗ ಗೈಡ್ ಅಂತ ಇಲ್ಲಲ್ರಿ."

"ಯಾಕಿಲ್ಲ?" ಎಂದರು ಪಟವರ್ಧನ್.

"ಗೈಡು ತನ್ನ ವಿದ್ಯಾರ್ಥೀನ ನೋಡ್ತಾನ ಅಂತ ನಿಯಮಾ ಬರದವರಿಗೆ ಹೊಳದಿಲ್ಲ ನೋಡ್ರಿ. ಹಿಂದೆಂದೂ ಹಂಗ ಆಗಿಲ್ಲ." ಅವರು ಪೆನ್ನು ತೆಗೆದರು. "ನಿಯಮದಾಗ ಇಲ್ಲದ್ದಕ್ಕ ನಾ ಫೇಲ್ ಮಾಡಾಕ ಬರೂದಿಲ್ಲ. ಪಾಸು. ಇಳದು ಬಂದು ಸಹಿ ಹಾಕವಾ."

ಗಿರಣಿಯ ಬೆನ್ನುಗಳು ಹೋ ಎಂದು ಕೂಗಿದವು. ನಾನು ಇಳಿಯುವುದು ಹೇಗೆ? ಸಜ್ಜನ ಸರ್ ನೋಡುತ್ತಲೇ ಇದ್ದರು. ನನ್ನ ತಲೆ ಛಾವಣಿಗೆ ತಾಗಿತ್ತು.

"ಸರ, ಆ ಕಡೆ ನೋಡ್ರಿ, ಈಕಿ ಇಳೀಬೇಕು," ಎಂದರು ಕುಲಸಚಿವರು.

"ತಡೀರಿ," ಎಂದರು ಸಜ್ಜನ ಸರ್. ಆಮೇಲೆ ನನ್ನನ್ನು ಕೇಳಿದರು: "ತಂಗಿ, ಅವತ್ತು ಗಿರಣ್ಯಾಗ ಅವರಿಗೆ ಏನ್ ಹೇಳಿದಿ ನೀನು? ಅರ್ಧಕ್ಕ ಬಿಟ್ಟಿಯಲ್ಲ."

ಅವರು ನನ್ನ ಸಂಶೋಧನೆಯ ಬಗ್ಗೆ ಕೇಳಿದ ಮೊದಲ ಪ್ರಶ್ನೆ. ಇಂಥ ಪ್ರಶ್ನೆಗೆ ಸುಳ್ಳು ಹೇಳುವುದು ಹೇಗೆ, ಅದೂ ಅಷ್ಟು ಎತ್ತರದಲ್ಲಿ?

"ನಿಮ್ಮ ಬಗ್ಗೇನ ಹೇಳಿದೆ ಸರ," ಎಂದೆ. "ಭಾಳ ಹೊತ್ತು ಹೇಳಿದೆ. ಅವರಿಗೆ ಭಾಳ ಸೇರಿತು."

"ಅಯ್ಯ, ಇವರೇನ ಆ ಬೇವಿನಮರದ ಸಾಹೇಬ್ರು?" ಎಂದು ಬೀಬಿಜಾನ್ ಗಕ್ಕನೆ ತಿರುಗಿದಳು. ತಂಗೆವ್ವ ತಿರುಗಿದಳು. ಪಾಳಿ ಪೂರ್ತಿ ತಿರುಗಿ, ಬೆಂಚು ದಾಟಿ ಮುಂದೆ ಬಂದು, ಇಷ್ಟು ವರ್ಷ ಬರೀ ಕಿವಿಯಿಂದ ಕೇಳಿದ ಮನುಷ್ಯನನ್ನು ಕಣ್ತುಂಬ ನೋಡಿತು.

ಸಜ್ಜನ ಸರ್ ಕಿಟಕಿಯ ಸರಳು ಹಿಡಿದುಕೊಳ್ಳಲು ಕೈ ಚಾಚಿದರು, ಆದರೆ ಅಷ್ಟರಲ್ಲಿ ಅದು ಕೆಳಗೆ ಉಳಿದಿತ್ತು. ಅವರ ಚಪ್ಪಲಿಗಳು ಒಂದೊಂದಾಗಿ ನೆಲಕ್ಕೆ ಬಿದ್ದವು. ಜೀವನದಲ್ಲಿ ಯಾರೂ ಅವರನ್ನು ಹೀಗೆ ನೋಡಿರಲಿಲ್ಲ ಅಂತ ಕಾಣುತ್ತದೆ, ಮುಖ ಬಿಳಿಚಿಕೊಂಡಿತ್ತು. ಬೀಬಿಜಾನ್ ಕೈ ಎತ್ತಿ ಅವರ ಕೋಟಿನ ಅಂಚು ಹಿಡಿದಳು.

"ಹೆದರಬ್ಯಾಡ್ರಿ, ನಾ ಹಿಡದೀನಿ. ಏನರ ಹೇಳ್ರಿ ಸಾಹೇಬ್ರ, ನಿಮ್ಮದು ಹೇಳ್ರಿ. ಹೇಳಿದ್ರ ಆರಾಮ ಆಕ್ಕೈತಿ."

ಸಜ್ಜನ ಸರ್ ನನ್ನ ಕಡೆ ನೋಡಿದರು, ನಾನು ತಲೆ ಆಡಿಸಿದೆ. ಅವರು ಕೆಳಗಿದ್ದ ಅಷ್ಟೂ ಮುಖಗಳನ್ನು ಒಂದೊಂದಾಗಿ ನೋಡಿದರು.

"ನನಗೂ ಕಾಲು ನೋಯ್ತಾವ್ರಿ," ಎಂದರು. "ಭಾಳ ವರ್ಷ ಆತು."